ನಾನು ವೀರಮರಣ ಹೊಂದಿದ ಭಾನುವಾರ

"ಇವತ್ತು ಮಕ್ಕಳಿಬ್ಬರನ್ನೂ ನಾನೊಬ್ಬನೇ ಕರ್ಕೊಂಡು ಓಗಿ, ನಾನೊಬ್ಬನೇ ಕರ್ಕೊಂಡು ಬತ್ತೀನಿ. ಯಾರ ಸಹಾಯವೂ ಬೇಕಾಗಿಲ್ಲ!"

ಭಾನುವಾರ ಬೆಳಗ್ಗೆ ದೋಸೆ ತಟ್ಟೆಯ ಮುಂದೆ ಕೂತು ನಾನು ಹೀಗೆಂದು ಘೋಷಿಸಿದಾಗ ನನ್ನ ಹೆಂಡತಿ ರಾಧ, ಕಾವಲಿಯ ಮೇಲಿನ ದೋಸೆ ಸೀಯುವವರೆಗೂ ನನ್ನ ಮುಖವನ್ನೇ ನೋಡಿದಳು. ಆಮೇಲೆ ಆ ಸೀದ ದೋಸೆಯನ್ನು ನನ್ನ ತಟ್ಟೆಗೇ ಹಾಕಿದಳು.

ಈ ಘೋಷಣೆಯ ಹಿಂದೆ ದೊಡ್ಡ ರಾಜಕಾರಣವಿತ್ತು. ಮಾಲೂರಿನ ಒಂದು ಶಾಲೆಯಲ್ಲಿ ರಾಧಳಿಗೆ ಟೀಚರ್ ಕೆಲಸ ಸಿಕ್ಕಿತ್ತು. ಸೋಮವಾರವೇ ಹಾಜರಾಗಬೇಕು. ಎರಡನೇ ಕ್ಲಾಸಿನ ಲಿಖಿತ, ಎಲ್‌ಕೆಜಿಯ ಗಿರಿ ಮಧ್ಯಾಹ್ನ ಶಾಲೆಯಿಂದ ಬಂದರೆ ನೋಡಿಕೊಳ್ಳುವವರು ಯಾರು? ರಾಧಳ ಉತ್ತರ ತಯಾರಾಗಿತ್ತು. ಬೂದಿಕೋಟೆಯಿಂದ ಅವಳ ತಾಯಿ ಗಂಗರತ್ನಮ್ಮನವರು ಬಂದು ಬಂಗಾರಪೇಟೆಯ ನಮ್ಮ ಮನೆಯಲ್ಲೇ ಇರುತ್ತಾರೆ. ನನ್ನ ಅತ್ತೆ ಒಬ್ಬರೇ ಬರುವುದಾದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ಆದರೆ ಅವರು ಗೌರಿಯನ್ನು ಬಿಟ್ಟು ಒಂದು ರಾತ್ರಿಯೂ ಎಲ್ಲೂ ಇದ್ದವರಲ್ಲ. ಗೌರಿ ಅಂದರೆ ಅವರ ಹಸು. ನಮ್ಮ ಮನೆಯ ಮುಂದೆ ಇರುವುದು ನನ್ನ ಸ್ಕೂಟರ್ ನಿಲ್ಲುವಷ್ಟು ಜಾಗ. ಹಸು ಬಂದರೆ ಸ್ಕೂಟರ್ ಬೀದಿಗೆ, ಸ್ಕೂಟರಿನ ಹಿಂದೆ ನಾನು ಎಂಬುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಮಕ್ಕಳು ನನ್ನ ಜೆರಾಕ್ಸ್ ಅಂಗಡೀಲೇ ಕೂರ್ತಾರೆ. ನಾನು ನೋಡ್ಕೊಂತೀನಿ," ಎಂದೆ.

"ಓದ ತಿಂಗಳು ಗಿರಿ ಕೆನ್ನೆ ಇಟ್ಟು ಜೆರಾಕ್ಸ್ ತೆಗೆದಿದ್ದು ಮರ್ತೋಯ್ತಾ? ತಾಲ್ಲೂಕು ಆಫೀಸಿಗೆ ಓಗೋ ಪಹಣಿ ಜೊತೆ ಆ ಕೆನ್ನೇನೂ ಸೇರ್ಕೊಂಡು ಓಯ್ತಲ್ಲ?"

"ಅದು ಬೇರೆ ವಿಷಯ."

"ಸರಿ, ಇವತ್ತು ಒಂದಿನ ನೋಡಾಣ," ಎಂದು ರಾಧ ಷರತ್ತು ಹಾಕಿದಳು. "ಮಕ್ಕಳು ಅಳಬಾರ್ದು. ಕಳ್ದೋಗಬಾರ್ದು. ಕೈಲಾಗ್ದೆ ನಮ್ಮಮ್ಮನ್ನ ಕರೀಬಾರ್ದು. ಇಷ್ಟು ಮಾಡಿದ್ರೆ ಅಮ್ಮ ಬೂದಿಕೋಟೇಲೇ ಇರ್ಲಿ. ಒಂದು ತಪ್ಪಿದ್ರೂ ನಾಳೇನೇ ಗೌರಿ ಸಮೇತ ಬತ್ತಾಳೆ."

ನಾನು ಮಕ್ಕಳನ್ನು ಕರೆದುಕೊಂಡು ಹೊರಟಿದ್ದು ಪಾರ್ಕಿಗೋ ಸಿನಿಮಾಕ್ಕೋ ಅಲ್ಲ. ಇತಿಹಾಸಕ್ಕೆ! ಕೆಜಿಎಫ್‌ನ ಕೋರಮಂಡಲ್ ಮೈದಾನದಲ್ಲಿ ಗಂಗರ ಕಾಲದ ತುರುಗೋಳನ್ನು ಕಣ್ಣಿಗೆ ಕಟ್ಟುವ ಹಾಗೆ ಆಡಿ ತೋರಿಸುತ್ತಾರೆ ಎಂಬ ಕರಪತ್ರವನ್ನು ನನ್ನ ಅಂಗಡಿಯಲ್ಲೇ ಜೆರಾಕ್ಸ್ ಮಾಡಿಸಿದ್ದರು. ಸಾವಿರ ವರ್ಷದ ಹಿಂದೆ ಪಕ್ಕದ ನಾಡಿನ ಸೈನಿಕರು ಬಂದು ಊರಿನ ದನ ಹೊಡೆದುಕೊಂಡು ಹೋಗುವುದು, ಊರಿನ ವೀರನೊಬ್ಬ ಹೋರಾಡಿ ದನ ಬಿಡಿಸಿಕೊಂಡು ಬಂದು ಪ್ರಾಣ ಬಿಡುವುದು, ಅವನ ಹೆಸರಿನಲ್ಲಿ ಊರವರು ವೀರಗಲ್ಲು ನಿಲ್ಲಿಸುವುದು. ಮಕ್ಕಳಿಗೆ ಜ್ಞಾನ, ನನಗೆ ಜಯ ಎಂದು ಲೆಕ್ಕ ಹಾಕಿದ್ದೆ.

ರೈಲು ಹತ್ತಿ ಕೋರಮಂಡಲ್‌ನಲ್ಲಿ ಇಳಿದೆವು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಹಾಗೇ ನಿಂತಿವೆ. ಅವುಗಳ ಪಕ್ಕದ ಮೈದಾನದಲ್ಲಿ ಸಾವಿರ ವರ್ಷದ ಹಿಂದಿನ ಹಳ್ಳಿಯೊಂದು ಎದ್ದಿತ್ತು. ತೆಂಗಿನ ಗರಿಯ ಗುಡಿಸಲು, ಒರಳು, ಒನಕೆ, ಗುಡಿಸಲಿನ ಹಿಂದೆ ಜನರೇಟರ್.

"ಅಪ್ಪ, ಗಂಗರ ಕಾಲದಲ್ಲಿ ಜನರೇಟರ್ ಇತ್ತಾ?" ಲಿಖಿತ ಕೇಳಿದಳು.

ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. "ಇತ್ತು. ಇಷ್ಟು ದೊಡ್ಡದು ಇರ್ಲಿಲ್ಲ," ಎಂದೆ.

ಅಷ್ಟರಲ್ಲಿ ಕಾರ್ಯಕ್ರಮದ ಆಯೋಜಕ ವಿಜಯಕುಮಾರ್ ಓಡಿ ಬಂದರು. ಕರಪತ್ರ ಮಾಡಿಸಿದವರು ಇವರೇ. ಮೈಮೇಲೆ ರಟ್ಟಿನ ಕವಚ, ಕಣ್ಣಿಗೆ ಕನ್ನಡಕ, ಕೈಯಲ್ಲಿ ಮೈಕ್.

"ಸುಬ್ರಮಣಿ ಸಾರ್, ಕಡವುಳೇ, ಆ ದೇವ್ರೇ ಕಳಿಸಿದಂಗೆ ಬಂದ್ರಿ! ನಮ್ಮ ವೀರನಿಗೆ ವಾಂತಿ ಭೇದಿ ಸಾರ್. ನೀವೇ ವೀರ ಆಗ್ಬೇಕು."

"ನಾನಾ? ಮಕ್ಕಳು ಜೊತೇಲಿದ್ದಾರೆ..."

"ಮಕ್ಕಳ ಗುಡಿಸಲು ಇದೆ ಸಾರ್, ನೋಡ್ಕೊಳ್ಳೋಕೆ ಜನ ಇದ್ದಾರೆ. ನಿಮಗೇನೂ ಕೆಲ್ಸ ಇಲ್ಲ. ಸ್ವಲ್ಪ ಕತ್ತಿ ಆಡಿಸ್ಬೇಕು, ಆಮೇಲೆ ಸಾಯ್ಬೇಕು, ಅಷ್ಟೇ. ನಿಮ್ಮ ಪರ್ಸನಾಲಿಟಿಗೆ ಕರೆಕ್ಟಾಗಿ ಸೂಟ್ ಆಗುತ್ತೆ."

ನನ್ನ ಪರ್ಸನಾಲಿಟಿಯ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿ ಬಹಳ ದಿನವಾಗಿತ್ತು. ಒಪ್ಪಿಬಿಟ್ಟೆ.

ಮಕ್ಕಳ ಗುಡಿಸಲಿನಲ್ಲಿ ಬಂದ ಮಕ್ಕಳಿಗೆಲ್ಲ ಗಂಗರ ಕಾಲದ ವೇಷ ಹಾಕುತ್ತಿದ್ದರು. ಹುಡುಗರಿಗೆ ಬಿಳಿ ಪಂಚೆ, ಹಣೆಗೆ ವಿಭೂತಿ. ಹುಡುಗಿಯರಿಗೆ ಕೆಂಪು ಲಂಗ. ನನ್ನವರಿಬ್ಬರನ್ನೂ ಅಲ್ಲಿ ಬಿಟ್ಟು, ನಾನು ಹೋಗಿ ಪಂಚೆ ಉಟ್ಟು, ಕೆಂಪು ರುಮಾಲು ಸುತ್ತಿಸಿಕೊಂಡು, ಗೋಂದು ಹಚ್ಚಿ ಒಂದು ಗೇಣು ಮೀಸೆ ಅಂಟಿಸಿಕೊಂಡು ಬಂದು ಗಿರಿಯ ಮುಂದೆ ನಿಂತೆ. ಗಿರಿ ಮೇಲಿಂದ ಕೆಳಗೆ ನೋಡಿ ಕೇಳಿದ, "ನಮ್ಮಪ್ಪ ಎಲ್ಲಿ?"

"ನಾನೇ ಕಣೋ ಅಪ್ಪ."

"ಅಲ್ಲ. ನೀನು ಕಳ್ಳ."

ಇಷ್ಟು ಹೇಳಿ ಬಾಯಿ ತೆರೆದ. ಮೀಸೆ ಕೀಳೋಣವೆಂದರೆ ಗೋಂದು ಒಣಗಿ ಕಲ್ಲಾಗಿತ್ತು. ಮೀಸೆಯ ಜೊತೆ ತುಟಿಯೂ ಬರುವ ಹಾಗಿತ್ತು. ಮೊದಲನೇ ಷರತ್ತು ಅಲ್ಲೇ ಮುರಿಯಿತು. ಆದರೆ ರಾಧ ಇದನ್ನು ನೋಡಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕಹಳೆ ಊದಿದರು. ಯುದ್ಧ ಶುರುವಾಯಿತು. ಶುರುವಾದ ಮೇಲೆ ಗೊತ್ತಾಗಿದ್ದೇನೆಂದರೆ, ಶತ್ರು ಸೈನಿಕರಿಗೆಂದು ಹೇಳಿದ್ದ ನೀಲಿ ರುಮಾಲು ಬಂದೇ ಇರಲಿಲ್ಲ. ಎರಡೂ ಕಡೆಯವರಿಗೂ ಕೆಂಪನ್ನೇ ಸುತ್ತಿಬಿಟ್ಟಿದ್ದರು. ಎದುರು ಬಂದವನ ಮರದ ಕತ್ತಿಗೆ ನನ್ನ ಮರದ ಕತ್ತಿ ತಾಗಿಸಿ ಕೇಳಿದೆ, "ನೀನು ಯಾವ ಕಡೆ?"

"ತೆರಿಯಲ ಸಾರ್, ಗೊತ್ತಿಲ್ಲ. ನೀವು?"

"ನಾನು ವೀರ."

"ಯಾರ ಕಡೆ ವೀರ ಸಾರ್?"

ಇಬ್ಬರೂ ಸೇರಿ ಪಕ್ಕದಲ್ಲಿದ್ದ ಮೂರನೆಯವನನ್ನು ವಿಚಾರಿಸಿದೆವು. ಅವನು ಕತ್ತಿ ಕೆಳಗಿಟ್ಟು, "ನಾನು ಭೋಜನದ ಕಡೆ ಅಣ್ಣಾ. ಪಲಾವ್ ಎಲ್ಲಿ ಇಳಿಸಬೇಕು ಅಂತ ಕೇಳೋಕೆ ಬಂದೆ. ರುಮಾಲು ಸುತ್ತಿ ಕಳಿಸಿಬಿಟ್ರು," ಎಂದ.

ಸರಿ, ದನ ಯಾರ ಹತ್ತಿರ ಇವೆಯೋ ಅವರೇ ಶತ್ರು ಎಂದುಕೊಂಡು ದನಗಳ ಕಡೆ ನೋಡಿದೆ. ಅಲ್ಲಿ ಇನ್ನೊಂದು ಗೊಂದಲ. ಮೈದಾನದ ಮಧ್ಯೆ ನಿಲ್ಲಿಸಿದ್ದ ಹಸುಗಳನ್ನು ಸೈನಿಕರು ಹೊಡೆದುಕೊಂಡು ಹೋಗಬೇಕು. ಆದರೆ ಕೊಟ್ಟಿಗೆಯಲ್ಲೇ ಮೇವು ತಿಂದು ಬೆಳೆದ ಸೀಮೆಹಸುಗಳು ಅವು. ಶತ್ರುಗಳು ಹೋ ಅಂದರು, ಹೇ ಅಂದರು, ಹಿಂದಿನಿಂದ ತಳ್ಳಿದರು. ಅವು ನಿಂತಲ್ಲೇ ಮೆಲುಕು ಹಾಕುತ್ತಿದ್ದವು. "ಭಯಂಕರ ದಾಳಿ! ದನಗಳನ್ನು ಅಟ್ಟಿಕೊಂಡು ಹೋಗುತ್ತಿದ್ದಾರೆ!" ಎಂದು ವಿಜಯಕುಮಾರ್ ಮೈಕಿನಲ್ಲಿ ಕೂಗಿದಷ್ಟೂ ಜನ ನಗುತ್ತಿದ್ದರು.

ಮುಂದಿದ್ದ ಹಸುವಿನ ಒಂದು ಕೊಂಬು ಮುರಿದಿತ್ತು. ಎಲ್ಲೋ ನೋಡಿದ ಮುಖ ಅನ್ನಿಸಿತು. ಎಲ್ಲಿ ಎಂದು ಯೋಚಿಸುತ್ತಾ ಮಕ್ಕಳ ಗುಡಿಸಲಿನ ಕಡೆ ಕಣ್ಣು ಹಾಯಿಸಿದೆ. ಗುಡಿಸಲಿನ ಮುಂದಿನ ಚಾಪೆಯಲ್ಲಿ ನನ್ನ ಮಕ್ಕಳಿಬ್ಬರೂ ಇರಲಿಲ್ಲ!

ಹಸು, ಷರತ್ತು, ಸ್ಕೂಟರ್ ಎಲ್ಲ ಮರೆತೇಹೋಯಿತು. ಯುದ್ಧ ಬಿಟ್ಟು ಓಡಿದೆ. ಮೈದಾನದ ತುಂಬ ಬಿಳಿ ಪಂಚೆಯ, ವಿಭೂತಿಯ ಹುಡುಗರು. ಹಿಂದಿನಿಂದ ನೋಡಿದರೆ ಎಲ್ಲರೂ ಗಿರಿ. ಒಬ್ಬನನ್ನು ಎತ್ತಿ ಎದೆಗೆ ಅವುಚಿಕೊಂಡೆ. ಅವನು ತಣ್ಣಗೆ, "ಅಂಕಲ್, ನಾನು ಆಂಡರ್ಸನ್‌ಪೇಟೆ," ಎಂದ. ಇಳಿಸಿ ಇನ್ನೊಬ್ಬನನ್ನು ಎತ್ತಿದೆ. ಅವನ ತಾಯಿ ಬಂದು ನನ್ನದೇ ಕತ್ತಿ ಕಿತ್ತುಕೊಂಡು ನನಗೇ ಬಾರಿಸಿದರು. "ಗಿರೀ! ಲಿಖಿತಾ!" ಎಂದು ಕೂಗುತ್ತಾ ಮತ್ತೆ ಹಸುಗಳ ಕಡೆಯೇ ಓಡಿ ಬಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ವೀರನ ಕಣ್ಣೀರು ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಆಗ ಹಸುಗಳ ಹಿಂದಿನಿಂದ ಲಿಖಿತಳ ದನಿ ಕೇಳಿಸಿತು. "ಏಯ್, ನಮ್ಮಜ್ಜಿ ಅಸಾನ ಯಾಕ್ರೋ ತಳ್ತೀರಾ? ಬಿಡ್ರೋ!" ಪುಟ್ಟ ಕೈಯಲ್ಲಿ ಸೊಪ್ಪಿನ ಕಡ್ಡಿ ಹಿಡಿದು ಅವಳು ಶತ್ರು ಸೈನ್ಯವನ್ನು ಅಟ್ಟುತ್ತಿದ್ದಳು. ಶತ್ರುಗಳು ಹಿಂದೆ ಸರಿಯುತ್ತಿದ್ದರು.

ನಮ್ಮಜ್ಜಿ ಹಸು? ಮುರಿದ ಕೊಂಬು! ಅದು ಗೌರಿ!

ಗೌರಿ ಇಲ್ಲಿ ಯಾಕೆ ಎಂದು ತಲೆ ಕೆರೆದುಕೊಳ್ಳುವಷ್ಟರಲ್ಲೇ ಮೈದಾನದ ಆಚೆ ತುದಿಯಲ್ಲಿ ಢಣ ಢಣ ಢಣ ಎಂದು ಬಕೆಟ್ಟಿನ ಸದ್ದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಬೂಸಾ ತುಂಬಿದ ಬಕೆಟ್, ಇನ್ನೊಂದು ಕೈಯಲ್ಲಿ ಗಿರಿಯನ್ನು ಹಿಡಿದು ರಣರಂಗಕ್ಕೆ ಇಳಿದಿದ್ದರು ಗಂಗರತ್ನಮ್ಮ, ನನ್ನ ಅತ್ತೆ.

"ಅಮ್ಮಾ, ಯುದ್ಧ ನಡೀತಾ ಇದೆ, ಈಗ ಬರಬಾರ್ದು," ಎಂದು ವಿಜಯಕುಮಾರ್ ಮೈಕ್ ಹಿಡಿದೇ ಅಂಗಲಾಚಿದರು.

"ನೀವು ಯುದ್ಧ ಮಾಡ್ಕಳ್ಳಿ, ಬ್ಯಾಡ ಅಂದೋರ್ಯಾರು? ನಂಗೆ ಆಲು ಕರೆಯೋ ಒತ್ತಾಯ್ತು. ಕೆಚ್ಚಲು ಕಟ್ಕೊಂಡ್ರೆ ನಿಮ್ಮ ರಾಜ ಬಂದು ನೋಡ್ತಾನಾ?"

ಬಂದಿದ್ದ ಹಸುಗಳೆಲ್ಲ ಬೂದಿಕೋಟೆಯ ಒಂದೇ ಬೀದಿಯವು. ಆ ಬಕೆಟ್ಟಿನ ಸದ್ದೆಂದರೆ ಬೂಸಾ ಎಂದು ಎಲ್ಲಕ್ಕೂ ಗೊತ್ತು. ಇಡೀ ಸೈನ್ಯ ತಳ್ಳಿದರೂ ಅಲುಗದ ಹಸುಗಳು ಒಟ್ಟಿಗೇ ತಿರುಗಿ ಬಕೆಟ್ಟಿನ ಕಡೆ ಓಟ ಕಿತ್ತವು. ಹಸುಗಳಿಗೂ ಬಕೆಟ್ಟಿಗೂ ನಡುವೆ ನಿಂತಿದ್ದವನು ನಾನು. ನನ್ನ ಪಕ್ಕದಲ್ಲಿ ವಿಜಯಕುಮಾರ್, ಅವರ ಕೈಯಲ್ಲಿ ಆ ಹಾಳು ಮೈಕ್.

"ಅತ್ತೇ! ಇಡ್ಕೊಳೀ ಅತ್ತೇ!"

ನನ್ನ ಕೂಗು ಮೈಕಿನಲ್ಲಿ ಕೋರಮಂಡಲ್ ಮೈದಾನಕ್ಕೆಲ್ಲ ಕೇಳಿಸಿತು. ಪಾದ ಹೊರಳಿ ಬಿದ್ದೆ. ಹಸುಗಳು ನನ್ನ ಎರಡೂ ಪಕ್ಕದಿಂದ ಹಾದುಹೋದವು. ವಿಜಯಕುಮಾರ್ ಮಾತ್ರ ಕಾರ್ಯಕ್ರಮ ಬಿಟ್ಟುಕೊಡಲಿಲ್ಲ. "ದನಗಳು ಊರು ಸೇರಿದವು! ವೀರ ಪ್ರಾಣ ಬಿಟ್ಟ! ಇದೀಗ ನೀವು ಕೇಳಿದ್ದು ಅವನ ಕಡೇ ಮಾತು!" ಎಂದು ಕೂಗಿದರು. ಅಪ್ಸರೆಯರ ವೇಷದ ಹುಡುಗಿಯರು ಬಂದು, ವೀರಗಲ್ಲಿನಲ್ಲಿ ಕೆತ್ತಿರುವ ಹಾಗೆ, ನನ್ನನ್ನು ಸ್ವರ್ಗಕ್ಕೆ ಎತ್ತಲು ತೋಳು ಹಿಡಿದರು.

"ಬಿಡ್ರಮ್ಮ, ಕಾಲು ಉಳುಕಿದೆ," ಎಂದೆ.

"ಸತ್ತೋರು ಮಾತಾಡಬಾರ್ದು ಅಂಕಲ್," ಎಂದಳು ಒಬ್ಬ ಅಪ್ಸರೆ.

ಸ್ವರ್ಗಕ್ಕೆ ಹೋಗುವ ದಾರಿಯಲ್ಲಿ ಗಿರಿಯ ದನಿ ಕೇಳಿಸಿತು. ಅಜ್ಜಿಯ ಫೋನಿನಿಂದ ಲಿಖಿತ ರಾಧಳಿಗೆ ಕರೆ ಮಾಡಿಕೊಟ್ಟಿದ್ದಳು. ಗಿರಿ ವರದಿ ಒಪ್ಪಿಸುತ್ತಿದ್ದ. "ಅಮ್ಮ, ಅಪ್ಪ ಸತ್ತೋಯ್ತು. ಅಜ್ಜಿ ಆಲು ಕರೀತಾ ಐತೆ. ನಂಗೆ ಐಸ್‌ಕ್ರೀಮ್ ಕೊಡ್ಸಿಲ್ಲ."

ಕುಂಟುತ್ತಾ ಹೋಗಿ ಫೋನ್ ತೆಗೆದುಕೊಂಡು ಬದುಕಿದ್ದೇನೆ ಎಂದು ಖಾತ್ರಿಪಡಿಸಿದೆ. ಆಚೆ ಕಡೆಯಿಂದ ರಾಧ, "ಗೊತ್ತಾಯ್ತು. ಸತ್ತಿದ್ರೆ ಅಮ್ಮ ಆಲು ಕರೆಯೋದು ನಿಲ್ಲಿಸಿರೋಳು. ಮನೆಗೆ ಬನ್ನಿ," ಎಂದಷ್ಟೇ ಹೇಳಿ ಇಟ್ಟಳು.

ಅತ್ತೆ ಹಾಲು ಕರೆಯುತ್ತಲೇ ವಿವರಿಸಿದರು. "ಆ ಮೈಕಿನೋರು ಬೂದಿಕೋಟೆಗೆ ಬಂದು ಅಸ ಬೇಕು ಅಂದ್ರು. ಗೌರಿ ನನ್ನ ಬಿಟ್ಟು ಬರಲ್ಲ, ಅದ್ಕೇ ನಾನೂ ಬಂದೆ. ಇಲ್ಲಿ ನೋಡಿದ್ರೆ ಮಕ್ಕಳು ಅಳ್ತಾ ಕೂತವೆ. ಕರ್ಕೊಂಡು ಬಂದು ಗೌರಿ ಅತ್ರ ಕೂರಿಸ್ಕೊಂಡೆ. ನಿಮ್ಮನ್ನ ಮೀಸೇಲಿ ನಾನೂ ಗುರ್ತು ಇಡೀಲಿಲ್ಲ ಅಳಿಯಂದ್ರೇ, ಯಾರೋ ಮಕ್ಕಳ ಕಳ್ಳ ಅಂದ್ಕೊಂಡೆ."

ಉಳುಕಿದ ಕಾಲಲ್ಲಿ ರೈಲು ಹತ್ತುವ ಹಾಗಿರಲಿಲ್ಲ. ಉಳಿದ ಹಸುಗಳು ಇನ್ನೊಂದು ಗಾಡಿಯಲ್ಲಿ ಊರಿಗೆ ಹೋದವು. ಗೌರಿಯ ಟೆಂಪೋದಲ್ಲಿ ನಾವೆಲ್ಲ ಹತ್ತಿಕೊಂಡೆವು. ಬಂಗಾರಪೇಟೆ ಹೇಗೂ ದಾರಿಯಲ್ಲೇ ಸಿಗುತ್ತದೆ, ನಮ್ಮನ್ನು ಇಳಿಸಿ ಅತ್ತೆ ಬೂದಿಕೋಟೆಗೆ ಹೋಗುತ್ತಾರೆ ಎಂದು ನಾನಿನ್ನೂ ನಂಬಿದ್ದೆ. ದಾರಿಯುದ್ದಕ್ಕೂ ಗೌರಿ ನನ್ನ ರುಮಾಲನ್ನು ಅಗಿಯುತ್ತಿದ್ದಳು.

ರಾಧ ಗೇಟಿನಲ್ಲೇ ನಿಂತಿದ್ದಳು. ನನ್ನ ಮೀಸೆ ನೋಡಿದಳು, ಕಾಲು ನೋಡಿದಳು. ನೇರವಾಗಿ ಮಕ್ಕಳ ವಿಚಾರಣೆಗೆ ಇಳಿದಳು.

"ಅತ್ತಿದ್ರಾ?"

"ನಾನು ಅಳ್ತಾ ಇದ್ದೆ," ಎಂದ ಗಿರಿ. "ಅಪ್ಪಾನೂ ಅಳ್ತಾ ಇತ್ತು."

"ಕಳ್ದೋಗಿದ್ರಾ?"

"ನಾವು ಕಳ್ದೋಗಿಲ್ಲಮ್ಮ, ಅಜ್ಜಿ ಅತ್ರ ಇದ್ವಿ," ಎಂದಳು ಲಿಖಿತ. "ಅಪ್ಪ ಕಳ್ದೋಗಿತ್ತು."

ರಾಧ ನನ್ನ ಕಡೆ ತಿರುಗಿದಳು. "ಅಮ್ಮನ್ನ ಕರೆದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಟೆಂಪೋದಿಂದ ಇಳಿಯುತ್ತಾ ಹೇಳಿದರು. "ಮೈಕಲ್ಲಿ ಕರೆದ್ರು ಕಣಮ್ಮ. ಮದ್ವೆ ಆದಾಗ್ಲಿಂದ ಒಂದಿನಾನೂ ಬಾಯ್ತುಂಬಾ ಅತ್ತೆ ಅಂತ ಕರೆದೋರಲ್ಲ. ಇವತ್ತು ಅಷ್ಟು ಜನದ ಮುಂದೆ ಎರಡು ಸಲ ಕರೆದ್ರು. ಇಂಥೋರನ್ನ ಕಾಲು ಉಳುಕಿರೋವಾಗ ಬಿಟ್ಟು ಊರಿಗೆ ಓಗಕ್ಕೆ ಮನ್ಸು ಬರುತ್ತಾ?" ಸೆರಗಿನಿಂದ ಕಣ್ಣೊರೆಸಿಕೊಂಡರು. ಗೌರಿ ಅಗಿದು ಉಳಿಸಿದ್ದ ರುಮಾಲಿನಿಂದ ನಾನೂ ಕಣ್ಣೊರೆಸಿಕೊಂಡೆ. ಅದು ಅತ್ತೆಗಾಗಿಯೋ ಸ್ಕೂಟರಿಗಾಗಿಯೋ ಎಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ರಾಧ ಗೇಟನ್ನು ಪೂರ್ತಿ ತೆಗೆದು, ಸ್ಕೂಟರನ್ನು ತಳ್ಳಿಕೊಂಡು ಹೋಗಿ ಬೀದಿಗೆ ನಿಲ್ಲಿಸಿದಳು. ಗೌರಿ ತನ್ನ ಸ್ವಂತ ಮನೆಗೆ ಬಂದ ಹಾಗೆ ನಿಧಾನವಾಗಿ ಒಳಗೆ ನಡೆದಳು. ಸಾವಿರ ವರ್ಷದ ಇತಿಹಾಸದಲ್ಲಿ ಜನ ದನಗಳನ್ನು ಸೆರೆ ಹಿಡಿದದ್ದು ಉಂಟು. ದನವೇ ಬಂದು ಮನೆಯನ್ನು ವಶಪಡಿಸಿಕೊಂಡದ್ದು ಬಹುಶಃ ಇದೇ ಮೊದಲು.

ಲಿಖಿತ ನನ್ನ ಪಂಚೆ ಜಗ್ಗಿ ಕೇಳಿದಳು. "ಅಪ್ಪ, ಸತ್ತೋದ ವೀರಂಗೆ ಕಲ್ಲು ನಿಲ್ಲಿಸ್ತಾರೆ ಅಂದೆಯಲ್ಲ, ನಿಂಗೆ ಯಾವಾಗ ನಿಲ್ಲಿಸ್ತಾರೆ?"

ರಾಧ ಒಳಗಿನಿಂದ ಒಂದು ಗೂಟ, ಸುತ್ತಿಗೆ ತಂದು ನನ್ನ ಕೈಗೆ ಕೊಟ್ಟಳು.

"ಕಲ್ಲು ಆಮೇಲೆ ನಿಲ್ಲಿಸೋಣ," ಎಂದಳು. "ಮೊದ್ಲು ಕೂತ್ಕೊಂಡೇ ಗೌರೀನ ಕಟ್ಟೋಕೆ ಆ ಗೂಟ ನೆಲಕ್ಕೆ ಒಡೀರಿ."