ನಿಂತಲ್ಲೇ ಇಳಿಯೋ ಬ್ಯಾಟರಿ, ನನ್ನ ಹೆಂಡ್ತಿ ಕಾಲ್ಗುಣ

ಡ್ರೈವರ್ ನೌಕರಿ ಮಾಡೋವ್ನಿಗೆ ದಾರ್‍ಯಾಗ ಏನರ ಒಂದು ತಾಪತ್ರಯ ಇದ್ದದ್ದ. ಆದ್ರ ನನ್ನ ತಾಪತ್ರಯ ಎಲ್ಲಾ ಗಾಡಿ ನಿಂತಾಗ. ಓಡೋಮುಂದ ಆ ಕಾರು ಬಂಗಾರದಂಥಾದ್ದು. ಸಂಜಿಕೆ ನಿಲ್ಲಿಸಿ ಮುಂಜಾನೆ ನೋಡಿದ್ರ ಬ್ಯಾಟರಿ ಸತ್ತಿರ್ತಿತ್ತು.

ಮಡಗಾಂವ ಹತ್ರದ ಸಾವರ್ಡೆದಾಗ ಟಿಪ್ಪರ್ ಮಾಲಕ್ರೊಬ್ರ ಕಡೆ ನಾ ಇದ್ದೆ. ಅದಿರಿನ ಧಂದೆ ಜೋರ್ ನಡದಿದ್ದ ಕಾಲ. ಊರಾಗ ಯಾರ ಕಡೆನೂ ಇಲ್ಲದ್ದು ತಮ್ಮ ಕಡೆ ಇರ್ಲಿ ಅಂತ ಮಾಲಕ್ರು ಹೈಬ್ರಿಡ್ ಕಾರು ತಂದ್ರು. ಸ್ವಲ್ಪ ಪೆಟ್ರೋಲ್, ಸ್ವಲ್ಪ ಕರೆಂಟು. ಚಾವಿ ಅಂದ್ರ ಒಂದು ಕರೀ ಬಿಲ್ಲೆ. ಕಿಸೆದಾಗ ಇದ್ರ ಸಾಕು, ಗುಂಡಿ ಒತ್ತಿದ್ರ ಚಾಲು.

ಗ್ಯಾರೇಜು ಭಾಳ ಇಕ್ಕಟ್ಟು. ಈ ಕಡೆ ಗ್ವಾಡಿಗೆ ನಮಗ ಕೊಟ್ಟ ಖೋಲಿ, ಆ ಕಡೆ ಗ್ವಾಡಿಗೆ ಮಾಲಕ್ರ ದೇವರ ಮನಿ. ನಡುವ ಕಾರು. ಇಳೀಬೇಕಂದ್ರ ಹೊಟ್ಟಿ ಒಳಗ ಎಳಕೋಬೇಕು. ಕೆಲಸ ಮುಗದ ಮ್ಯಾಲ ಚಾವಿ ದೇವರ ಮುಂದ ಇಡೋದು ನಮ್ಮಪ್ಪನಿಂದ ಬಂದ ರೂಢಿ. ನಮ್ಮ ಖೋಲಿ ಗ್ವಾಡ್ಯಾಗ ಒಂದು ಗೂಡು, ನಾವು ಮಾಡ ಅಂತೀವಿ, ಅದರೊಳಗ ದೇವರು, ದೇವರ ಮುಂದ ಬಿಲ್ಲೆ. ಕೈ ಮುಗದು ಮಲಗೋದು.

ದಬ್ರಿ!

ಮೊದಲ್ನೇ ಸಲ ಬ್ಯಾಟರಿ ಸತ್ತಾಗ ಮಾಲಕ್ರು ಮಡಗಾಂವಕ್ಕ ಹೊಂಟಿದ್ರು. ಗುಂಡಿ ಒತ್ತಿದೆ, ಪಿಟ್ ಅನ್ನಲಿಲ್ಲ. ನಮ್ಮ ಟಿಪ್ಪರ್ ಹುಡುಗರನ್ನ ಕೂಗಿದೆ. ಎಲ್ಲಾ ಬಿಜಾಪುರ, ಬಾಗಲಕೋಟಿ ಕಡ್ಯಾವ್ರು, ಗಟ್ಟಿ ಮಂದಿ. ದಬ್ಬಿದ್ರು. ಕಾರು ಒಂದು ಬೆರಳು ಸರೀಲಿಲ್ಲ.

"ಹ್ಯಾಂಡ್‌ಬ್ರೇಕ್ ಬಿಡೋ ಮಾರಾಯಾ!"

"ಬಿಟ್ಟೇನೋ!"

"ಹಂಗಾರ ಬ್ರೇಕಿನ ಮ್ಯಾಲಿಂದ ಕಾಲ ತಗಿ!"

"ಎರಡೂ ಕಾಲು ಸೀಟಿನ ಮ್ಯಾಲ ಅದಾವ, ಬಂದು ನೋಡ!"

ಕಡೀಕೆ ಕಂಪನಿಗೆ ಫೋನ್ ಹಚ್ಚಿದೆ. ಒಬ್ಬಾಕಿ ಹುಡುಗಿ ಮೆತ್ತಗ ಹೇಳಿದ್ಲು, ಬ್ಯಾಟರಿ ಹ್ವಾದ್ರ ಈ ಕಾರಿನ ಗೇರು ಲಾಕ್ ಆಗ್ತೈತಿ, ದಯವಿಟ್ಟು ದಬ್ಬಬ್ಯಾಡ್ರಿ ಅಂತ.

"ದಬ್ಬಾಕತ್ತಿಲ್ರಿ ಅಕ್ಕಾರ," ಅಂದೆ. "ಒಂದ್ ತಾಸಾತು, ಬರೇ ಅದಕ್ಕ ಆತುಕೊಂಡು ನಿಂತೀವಿ."

ಡಿಕ್ಕಿಯೊಳಗ

ಮುಂದಿನ ಸಲ ಕುಡಚಡೆಯಿಂದ ಬ್ಯಾಟರಿ ಅಂಗಡ್ಯಾವ ವೈರ್ ಹಿಡಕೊಂಡು ಬಂದ. ಬಾನೆಟ್ ಎತ್ತಿದ, ಬಗ್ಗಿ ನೋಡಿದ, ಮತ್ತೊಮ್ಮೆ ನೋಡಿದ.

"ಅಣ್ಣಾ, ಬ್ಯಾಟರಿನ ಇಲ್ಲಲ್ಲೋ! ಯಾರೋ ಹೊಡದಾರ."

ಮಾಲಕ್ರು ಪೊಲೀಸ್ರಿಗೆ ಫೋನ್ ಮಾಡಾಕ ಹೊಂಟಿದ್ರು. ಪುಣ್ಯಾಕ್ಕ ಕಾರಿನ ಪುಸ್ತಕ ನೆನಪಾತು. ತಗದು ಓದಿದ್ರ ಬ್ಯಾಟರಿ ಹಿಂದ ಡಿಕ್ಕಿಯೊಳಗ ಐತಂತ. ಡಿಕ್ಕಿ ಬಾಗಲಾ ತಗೀಯೋದು ಬ್ಯಾಟರಿ ಕರೆಂಟಿನ ಮ್ಯಾಲ! ಬ್ಯಾಟರಿ ಬೇಕಂದ್ರ ಡಿಕ್ಕಿ ತಗೀಬೇಕು, ಡಿಕ್ಕಿ ತಗೀಬೇಕಂದ್ರ ಬ್ಯಾಟರಿ ಬೇಕು. ಇದನ್ನ ಮಾಡಿದ ಶಾಣ್ಯಾ ಯಾರಂವ, ಒಮ್ಮೆ ಕೈಗೆ ಸಿಗಲಿ ಅಂತ ಹಲ್ಲು ಕಡದೆ.

ಹಿಂದಿನ ಸೀಟು ಮಡಚಿ ನನ್ನನ್ನ ಒಳಗ ತೂರಿಸಿದ್ರು. ನಡದ ತನಕ ಹ್ವಾದೆ, ಅಲ್ಲೇ ಸಿಕ್ಕೊಂಡೆ. ಬ್ಯಾಟರಿಯಾವ ಪಾನಾ ತರಾಕ ಹೋದ, ಮಾಲಕ್ರು ಫೋನ್ ಬಂತಂತ ಹೋದ್ರು. ಅಷ್ಟ್ರಾಗ ಮಾಲಕ್ರ ತಾಯಿ, ನಾವೆಲ್ಲಾ ಆಯಿ ಅಂತಿದ್ವಿ, ಪೂಜಾಕ್ಕ ಹೂವ ಹರಕೊಂಡು ಬಂದ್ಲು. ಕಾರಿನೊಳಗಿಂದ ಎರಡು ಕಾಲು ಹೊರಗ ಚಾಚಿದ್ದು ಕಂಡಿತು. ಬಾರಿಗಿ ತಗೊಂಡು ಸುರು ಹಚ್ಚಿದ್ಲು.

"ಅಯ್ಯಯ್ಯೋ, ಆಯಿ! ನಾನ್ರೀ! ಡ್ರೈವರ್!"

"ಸುಳ್ಳ ಹೇಳತಿ? ಡ್ರೈವರ್ ಮುಂದ ಕುಂಡ್ರತಾನ!" ಅಂತ ಇನ್ನೆರಡು ಬಿಗದ್ಲು.

ಏನೂ ಆಗಿಲ್ಲ

ಹೊಸಾ ಬ್ಯಾಟರಿ ಹಾಕಿಸಿದ್ರು. ಅದೂ ಸತ್ತಿತು. ಪಣಜಿಯಿಂದ ಕಂಪನಿ ಮನಶ್ಯಾ ಕಂಪ್ಯೂಟರ್ ತಂದು ಕಾರಿಗೆ ವೈರ್ ಚುಚ್ಚಿ ನೋಡಿದ.

"ಕಾರಿಗೆ ಏನೂ ಆಗಿಲ್ಲ ಸರ್. ಅಗದಿ ಚಲೋ ಐತಿ."

"ಹಂಗಾರ ಚಾಲು ಮಾಡಪಾ," ಅಂದ್ರು ಮಾಲಕ್ರು.

"ಬ್ಯಾಟರಿ ಸತ್ತೈತಲ್ರಿ."

ಸಿಟ್ಟು ಅವನ ಮ್ಯಾಲ, ತಿರುಗಿದ್ದು ನನ್ನ ಕಡೆ. ನಾ ಕದ್ದು ಕಾರಿನೊಳಗ ಎಸಿ ಹಾಕ್ಕೊಂಡು ಮಲಗತೇನಂತ! ನಮ್ಮವ್ವನ ಆಣೆ, ಆ ಗ್ಯಾರೇಜಿನೊಳಗ ಬಾಗಲಾ ತಗದು ಒಳಗ ಹೋಗೋದ ಒಂದು ಸರ್ಕಸ್ಸು. ಆದ್ರ ಕೇಳೋವ್ರು ಯಾರು? "ಇನ್ನೊಮ್ಮೆ ಹಿಂಗಾತಂದ್ರ ಗಂಡ ಹೆಂಡ್ತಿ ಗಂಟು ಕಟ್ರಿ, ಖೋಲಿ ಖಾಲಿ ಮಾಡ್ರಿ," ಅಂದ್ರು. ನೌಕರಿನೂ ಅಲ್ಲೇ, ಮನಿನೂ ಅಲ್ಲೇ. ಹೆಂಡ್ತಿ ಅವರ ಮನಿ ಭಾಂಡೆ ತಿಕ್ಕೋದೂ ಅಲ್ಲೇ.

ಕಾಲ್ಗುಣ

ಅದ ವಾರ ಹೆಂಡ್ತಿ ತನ್ನ ತಂಗಿ ಸೀಮಂತಕ್ಕ ತವರಿಗೆ ಹೋದ್ಲು. ಹಿಂದಿನ ರಾತ್ರಿ ನಾ ಮಲಗಿದ ಮ್ಯಾಲ ಗಡಿಬಿಡಿಲೆ ಮಾಡದಾಗಿನ ಕುಂಕುಮದ ಡಬ್ಬಿ, ದೇವರ ಬೂದಿ ಅಂಗಾರದ ಪುಡಿಕಿ ಬಾಚಿ ಚೀಲಕ್ಕ ಹಾಕಿ, ಚೀಲ ಆ ಕಡೆ ಬಾಗಲದ ಹತ್ರ ಇಟ್ಟು, ನಸುಕಿನ ಬಸ್ಸು ಹಿಡದಿದ್ಲು. ಮುಂಜಾನೆ ನಾ ಬಿಲ್ಲೆ ಹುಡುಕಾಕತ್ತಿದ್ದೆ, ಆಕಿ ಫೋನ್ ಬಂತು.

"ಏನ್ರಿ, ಬಸ್ಸು ಮೊಲೆಂ ದಾಟಿ ಘಾಟ ಹತ್ತಾಕತ್ತೈತಿ. ಚೀಲದಾಗ ನಿಮ್ಮ ಕರೀ ಬಿಲ್ಲೆ ಕುಂತೈತಿ."

ಮುಗೀತು ನನ್ನ ಕತಿ ಅಂತ ಮಾಲಕ್ರಿಗೆ ಹೇಳಿದೆ. ಬೈಕೋತ ಮ್ಯಾಲಿನ ಮನಿ ಕಪಾಟಿನಿಂದ ಎರಡನೇ ಬಿಲ್ಲೆ ತಂದು ಗುಂಡಿ ಒತ್ತಿದ್ರು. ಕಾರು ಚಾಲು! ಆ ಬಿಲ್ಲೆ ನನ್ನ ಕಡೆ ಬಿಡದ, ಸಂಜಿಕೆ ಮತ್ತ ಕಪಾಟಿನ್ಯಾಗ ಇಡ್ತಿದ್ರು. ಮರುದಿನಾನೂ ಚಾಲು. ಆಕಿ ತವರಿನ್ಯಾಗ ಇರೋತನಕ ದಿನಾ ಚಾಲು. ಮಾಲಕ್ರು ನನ್ನ ಹೆಗಲ ಮ್ಯಾಲ ಕೈ ಇಟ್ಟು ಮಾತಾಡಾಕ ಹತ್ತಿದ್ರು.

ಹೆಂಡ್ತಿ ಬಂದ್ಲು. ಬಿಲ್ಲೆ ಮಾಡದಾಗ ಇಟ್ಲು. ಮುಂಜಾನೆ ಕಾರು ಸತ್ತಿತ್ತು.

ಆಯಿ ಕೈ ಬಾಯಿ ತಿರುವಿ ಹೇಳಿದ್ಲು: "ಅರೇ ದೇವಾ! ಈಕಿ ಹೋದ್ಲು, ಗಾಡಿ ನಡೀತು. ಈಕಿ ಬಂದ್ಲು, ಗಾಡಿ ನಿಂತಿತು. ಎಲ್ಲಾ ಈಕಿ ಪಾಯಗುಣ!" ನಾವು ಕಾಲ್ಗುಣ ಅನ್ನೋದಕ್ಕ ಅವರು ಪಾಯಗುಣ ಅಂತಾರ. ಮಾಲಕ್ರು, "ಗಂಟು ಕಟ್ರಿ," ಅಂದ್ರು.

ಖೋಲಿಗೆ ಬಂದು ಹೆಂಡ್ತಿ ನನ್ನ ಮ್ಯಾಲ ಏರಿ ಬಂದ್ಲು. "ನನಗ ಹಂಗ ಅಂದ್ರ ನೀವು ಕಂಬದಂಗ ನಿಂತಿದ್ರಲ್ಲ, ಬಾಯಿ ಇರಲಿಲ್ಲೇನು?" ಆಕಿ ಅಂದದ್ದು ಖರೇನ. ಭಾಳ ಕೆಟ್ಟ ಅನಸ್ತು. ಆಕಿ ಗಂಟು ಕಟ್ಟಾಕಂತ ಮಾಡಕ್ಕ ಕೈ ಹಾಕಿದ್ಲು, ಬಿಲ್ಲೆ ತಗದು ತಿರುವಿ ನೋಡಿದ್ಲು.

"ಏನ್ರಿ, ನಾ ಹೋದಾಗ ನನ್ನ ಕಾಲಷ್ಟ ಹೋಗಿದ್ವೇನು? ಇದೂ ಬಂದಿತ್ತಲ್ಲ."

ಕಂಪನಿ ಮನಶ್ಯಾಗ ಫೋನ್ ಹಚ್ಚಿ, ರಾತ್ರಿ ಬಿಲ್ಲೆ ಎಲ್ಲಿ ಇಡ್ತೇನಿ ಅಂತ ಹೇಳಿ ಕೇಳಿದೆ. ಅಂವ ಹೌಹಾರಿದ. "ಬಿಲ್ಲೆ ಕಾರಿನ ಬಾಜೂಕ ಇಟ್ರ ಮಾಲಕ್ರು ಬಂದ್ರು ಅಂತ ಕಾರು ಎಚ್ಚರ ಇರ್ತೈತ್ರಿ, ನಿದ್ದಿನ ಮಾಡಂಗಿಲ್ಲ! ಬ್ಯಾಟರಿ ಇಳೀದ ಏನ್ ಮಾಡೀತು?" ಗ್ವಾಡಿ ಈ ಕಡೆ ಮಾಡ, ಆ ಕಡೆ ಕಾರಿನ ಬಾಗಲಾ. ನಡುವ ಒಂದು ಗೇಣು.

ಮಾಲಕ್ರಿಗೆ ಹೇಳಾಕ ಓಡಿದೆ. ಹೆಂಡ್ತಿ ಅಂಗಿ ಹಿಡದು ಜಗ್ಗಿದ್ಲು. "ಒಂದ್ ದಿನ ತಡೀರಿ."

ಸೀದಾ ಆಯಿ ಕಡೆ ಹೋಗಿ, ತಲಿ ತಗ್ಗಿಸಿ, "ಆಯಿ, ನಮ್ಮ ದೇವರು ಬಡವರ ದೇವರು. ಈ ಚಾವಿ ಇವತ್ತ ನಿಮ್ಮ ದೇವರ ಮುಂದ ಇಡ್ರಿ. ಬೇಕಾರ ನಾ ನಾಳೆ ತನಕ ನಿಮ್ಮ ಅಂಗಳದಾಗ ಕಾಲಿಡಂಗಿಲ್ಲ, ಇಲ್ಲೇ ನಮ್ಮೂರಿನವ್ರ ಮನಿಗೆ ಹೋಗಿರ್ತೇನಿ," ಅಂದ್ಲು.

ಆಯಿಗೆ ಖುಷಿನೋ ಖುಷಿ. ಗ್ಯಾರೇಜಿನ ಗ್ವಾಡಿಗೆ ಇದ್ದ ದೇವರ ಕಟ್ಟಿ ಮ್ಯಾಲ ಬಿಲ್ಲೆ ಇಟ್ಟು, ಹೂವ ಏರಿಸಿದ್ಲು. ಬ್ಯಾಟರಿಯಾವ ಬಂದು ಚಾರ್ಜ್ ಮಾಡಿ ಹೋದ.

ಮುಂಜಾನೆ ಆಯಿ ತಾನ ಆರತಿ ತಟ್ಟಿ ಹಿಡಕೊಂಡು ಬಂದು ನಿಂತ್ಲು. ಮಾಲಕ್ರು ಗುಂಡಿ ಒತ್ತಿದ್ರು. ಪಿಟ್ ಅನ್ನಲಿಲ್ಲ.

ಆಗ ನಾ ಕಂಪನ್ಯಾವ ಹೇಳಿದ್ದನ್ನ ಹೇಳಿದೆ. ಮಾಲಕ್ರು ಈ ಗ್ವಾಡಿ ನೋಡಿದ್ರು, ಆ ಗ್ವಾಡಿ ನೋಡಿದ್ರು, ನಗು ತಡಕೊಂಡು, "ಹೋಗು, ಗಂಟು ಬಿಚ್ಚು," ಅಂದ್ರು. ಆಯಿ ಮಾತ್ರ ಮುಖ ಗಂಟ ಹಾಕ್ಕೊಂಡು ನಿಂತಿದ್ಲು.

ಗೇಟಿನ ಹೊರಗ ರಸ್ತಾದ ಮ್ಯಾಲ ನಿಂತು ನನ್ನ ಹೆಂಡ್ತಿ ಅಗದಿ ಮರ್ಯಾದಿಲೆ ಕೂಗಿ ಕೇಳಿದ್ಲು:

"ಆಯೀ, ನಾ ಇನ್ನೂ ಒಳಗ ಕಾಲ ಇಟ್ಟಿಲ್ರಿ. ಇವತ್ತಿಂದು ಯಾರ ಪಾಯಗುಣರೀ?"