ಸದ್ದಿಲ್ಲದ ಕಬಡ್ಡಿ

ದೊಡ್ಡಮಲ್ಲಪ್ಪನ ನಾಯಿ ಬುಧವಾರ ರಾತ್ರಿ ಬೊಗಳಲಿಲ್ಲ. ಬೀದಿಯವರೆಲ್ಲ ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದರು. ಬೆಳಿಗ್ಗೆ ನೋಡಿದರೆ ಸರಪಳಿ ಇತ್ತು, ನಾಯಿ ಇರಲಿಲ್ಲ. ಹಾಲಿನ ಡೈರಿಯ ಸಿಸಿ ಕ್ಯಾಮೆರಾದಲ್ಲಿ ಒಂದು ಚಿರತೆ, ಹಾಲು ಹಾಕಿ ಮನೆಗೆ ಹೋಗುವ ಹೆಂಗಸಿನ ಹಾಗೆ, ತಲೆ ತಗ್ಗಿಸಿಕೊಂಡು ಸಾವಕಾಶವಾಗಿ ನಡೆದುಹೋಗಿತ್ತು.

ಎಂಟು ಗಂಟೆಗೆ ಗುಂಡ್ಲುಪೇಟೆಯಿಂದ ಅರಣ್ಯ ಇಲಾಖೆಯ ಜೀಪು ತೆರಕಣಾಂಬಿಗೆ ಬಂತು. ಒಂಬತ್ತಕ್ಕೆ ಆಟೋದ ಮೈಕು ಕೂಗಿತು: ಚಿರತೆ ಸಿಕ್ಕುವವರೆಗೆ ಶಾಲೆಗೆ ರಜೆ, ಮಕ್ಕಳನ್ನು ಹೊರಗೆ ಬಿಡಕೂಡದು. ಹತ್ತಕ್ಕೆ ನೀಲಕಂಠಸ್ವಾಮಿಯ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಬೋನು ಇಟ್ಟು, ಅದರ ಒಳಗೂಡಿನಲ್ಲಿ ಒಂದು ಮೇಕೆ ಕಟ್ಟಿದರು.

ಕಾವಲಿಗೆಂದು ನೀಲಕಂಠಸ್ವಾಮಿಯ ಮನೆಯ ತಾರಸಿ ಹತ್ತುವ ಮುಂಚೆ ಅರಣ್ಯ ಇಲಾಖೆಯ ಗಾರ್ಡ್ ಸಾಗರ್ ಅವನಿಗೆ ಹೇಳಿದ: "ಸ್ವಾಮಣ್ಣ, ಅದು ಆ ಬಾಳೆತೋಟದಲ್ಲೇ ಮಲಗ್ಯದೆ. ಹೆಜ್ಜೆ ಒಳಕ್ ಓಗವೆ, ಈಚೆ ಬಂದಿಲ್ಲ. ಸದ್ದಿಲ್ದಿದ್ರೆ ಸಂಜೆ ಒಳಗೆ ಬತ್ತದೆ. ಸದ್ದಾಯ್ತೋ, ಇನ್ನು ನಾಕು ದಿನ ಅಲ್ಲಾಡಲ್ಲ."

ಅಂದರೆ ಸದ್ದು ಮಾಡಲು ಅನುಮತಿ ಇದ್ದದ್ದು ಮೇಕೆಗೆ ಮಾತ್ರ.

ನೀಲಕಂಠಸ್ವಾಮಿಯ ಬಳಿ ನಾಲ್ಕು ದಿನ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಚಾಮರಾಜನಗರದಲ್ಲಿ ಅವನ ಡ್ರೈವಿಂಗ್ ಟೆಸ್ಟು. ಕಲಿಯುವವರ ಲೈಸನ್ಸಾದ ಎಲ್‌ಎಲ್‌ನ ಆರು ತಿಂಗಳ ಅವಧಿ ಅವತ್ತಿಗೇ ಮುಗಿಯುತ್ತಿತ್ತು. ಮೊದಲ ಸಲ ರಿವರ್ಸಿನಲ್ಲಿ ಕಂಬಕ್ಕೆ ಗುದ್ದಿದ್ದ, ಎರಡನೆಯ ಸಲ ಬಸ್ಸಿನಲ್ಲಿ ನಿದ್ದೆ ಹೋಗಿ ಇಳಿಯುವ ಊರು ದಾಟಿದ ಮೇಲೆ ಎಚ್ಚರವಾಗಿದ್ದ. ಒಂಬತ್ತು ವರ್ಷದಿಂದ ತರಕಾರಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದವನಿಗೆ ಖಲೀಲ್ ಸಾಹೇಬರು ಕೇರಳಕ್ಕೆ ಬೀನ್ಸ್ ಒಯ್ಯುವ ತಮ್ಮ ಪಿಕಪ್ ಕೊಡಲು ಒಪ್ಪಿದ್ದರು. ಲೈಸನ್ಸ್ ತೋರಿಸು, ಕೀ ತಗೋ. ಸೋಮವಾರದೊಳಗೆ ಬರದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದರು. ಹೆಂಡತಿ ಸುಧಾಮಣಿ ಆಶಾ ಕಾರ್ಯಕರ್ತೆ. ಇವತ್ತು ಸರ್ವೆ, ನಾಳೆ ತರಬೇತಿ. ಶಾಲೆ ತೆರೆಯದಿದ್ದರೆ ಮಕ್ಕಳು ಅವನ ತಲೆಗೇ.

ಆದ್ದರಿಂದ ಚಿರತೆ ಇವತ್ತೇ ಬೀಳಬೇಕು. ಬೀಳಬೇಕಾದರೆ ಎಂಟು ವರ್ಷದ ಭಾನು ಮತ್ತು ಆರು ವರ್ಷದ ಮಾದೇಶ ಸಂಜೆಯವರೆಗೆ ತುಟಿ ಬಿಚ್ಚಬಾರದು.

ಇಬ್ಬರೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಆ ಬೀದಿಯಲ್ಲಿ ಮೇಲೆ ಕಾಂಕ್ರೀಟಿನ ಮೋಲ್ಡ್ ಹಾಕಿದ, ಕಬ್ಬಿಣದ ಗ್ರಿಲ್ ಇದ್ದ ಮನೆ ಅವನದೊಂದೇ. ಹೂವು ಬಿಡಿಸಲು ಹೊರಟಿದ್ದ ಚಿಕ್ಕಮಲ್ಲಮ್ಮ ಮೂವರು ಮೊಮ್ಮಕ್ಕಳನ್ನು ತಂದು ಬಿಟ್ಟಳು. "ನಮ್ದು ಹೆಂಚಿನ ಮನೆ ಕಣಪ್ಪ. ಮೇಗಲಿಂದ ಇಳಿದ್ಬುಟ್ರೆ?"

ಟೈಲರಿಂಗ್ ಅಂಗಡಿಗೆ ಹೊರಟ ಹಮೀದಾ ತನ್ನ ಸೊಹೈಲ್, ಸಿಮ್ರಾನ್ ಇಬ್ಬರನ್ನೂ ತಿಂಡಿ ಡಬ್ಬಿಯ ಸಮೇತ ಒಳಗೆ ತಳ್ಳಿದಳು. ಬೋನು ಇರುವುದೇ ಈ ಮನೆಯ ಹಿಂದೆ ಎಂದು ನೀಲಕಂಠಸ್ವಾಮಿ ಪಿಸುಗುಟ್ಟಿದ.

"ಅದಕ್ಕೇ ಅಣ್ಣ ಇಲ್ಲಿ ಬಿಡ್ತಿರೋದು. ಫಾರೆಸ್ಟಿನವರೂ ಇಲ್ಲೇ ಇದಾರಲ್ಲ."

ದೊಡ್ಡಮಲ್ಲಪ್ಪ ಮಕ್ಕಳನ್ನು ತರಲಿಲ್ಲ, ಬುದ್ಧಿವಾದ ತಂದ. "ನಮ್ ಕಾಲ್ದಲ್ಲಿ ಐಕಳ ಮಂಚದ ಕಾಲ್ಗೆ ಕಟ್ಟಾಕ್ಬುಡ್ತಿದ್ರು ಕಣ್ಲಾ. ಒಂದೂ ಉಸಿರೆತ್ತುತಿರಲಿಲ್ಲ."

"ನಿನ್ ನಾಯಿನೂ ಕಟ್ಟಾಕಿದ್ದೆ ಅಲ್ವಾ ಮಾವ," ಎಂದ ನೀಲಕಂಠಸ್ವಾಮಿ. ದೊಡ್ಡಮಲ್ಲಪ್ಪ ಮುಖ ಊದಿಸಿಕೊಂಡು ಹೋದ.

ಏಳು ಮಕ್ಕಳು, ಒಂದು ಫೋನು. ಸೌಂಡ್ ತೆಗೆದು ಕಾರ್ಟೂನ್ ಹಾಕಿಕೊಟ್ಟ. ಎರಡು ನಿಮಿಷಕ್ಕೆ ಯಾರು ಹಿಡಿಯಬೇಕೆಂದು ಜಗಳ ಬಿತ್ತು. ಕಾರ್ಟೂನಿನ ಬೆಕ್ಕಿನ ಮುಖದ ಮೇಲೆ ತಾರಸಿಯಿಂದ ಸಾಗರ್ ಕಳಿಸಿದ ಮೆಸೇಜು ಬಂತು: "ಸದ್ದು." ಹತ್ತು ನಿಮಿಷದಲ್ಲಿ ಅಂಥವು ಐದು ಬಂದವು. ಫೋನನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಅಡುಗೆಮನೆಗೆ ಹೋಗಿ ಹುರುಳಿ, ಅಲಸಂದೆ, ಅವರೆ ಮೂರನ್ನೂ ಒಂದೇ ಮೊರಕ್ಕೆ ಸುರಿದು ತಂದ. ಬೇರೆ ಬೇರೆ ಮಾಡಿದವರಿಗೆ ಬಹುಮಾನ ಎಂದ. ಪೇಟೆ ಮಕ್ಕಳಾಗಿದ್ದರೆ ಮಧ್ಯಾಹ್ನ ಆಗುತ್ತಿತ್ತೋ ಏನೋ. ಇವು ಕಣದಲ್ಲೇ ಅಂಬೆಗಾಲಿಟ್ಟವು. ಕಾಲು ಗಂಟೆಯಲ್ಲಿ ಮೂರು ಗುಡ್ಡೆ ಮಾಡಿ, ಕಲ್ಲನ್ನೂ ಬೇರೆ ತೆಗೆದಿಟ್ಟು, ಬಹುಮಾನ ಕೇಳಿದವು. ನೀಲಕಂಠಸ್ವಾಮಿಗೆ ಹಟ ಬಂತು. ಒಂದು ಸೇರು ರಾಗಿಗೆ ಒಂದು ಪಾವು ಸಾಸಿವೆ ಬೆರೆಸಿಕೊಟ್ಟ.

ಇದು ಒಂದೂವರೆ ಗಂಟೆ ನಡೆಯಿತು. ಏಳು ತಲೆ ಮೊರದ ಮೇಲೆ ಬಗ್ಗಿದ್ದವು. ಆಮೇಲೆ ಮಾದೇಶನಿಗೆ ಸೀನು ಬಂತು. ಸದ್ದು ಮಾಡಬಾರದೆಂದು ಅವನು ಬಾಯಿ ಬಿಗಿಹಿಡಿದು ಮೂಗಿನಲ್ಲೇ ಸೀನಿದ. ರಾಗಿ, ಸಾಸಿವೆ ಎರಡೂ ದೇವರಗೂಡಿನವರೆಗೆ ಹಾರಿದವು. ಸುಧಾಮಣಿ ಬಂದಾಗ ಏನು ಹೇಳುವುದೆಂದು ಆಮೇಲೆ ಯೋಚಿಸಿದರಾಯಿತು ಎಂದು ಅವನು ಪೊರಕೆ ಹುಡುಕಿದ.

ಕೂತಷ್ಟೂ ಹೊತ್ತಿನ ಕಸುವು ಈಗ ಮಕ್ಕಳ ಕಾಲಿಗೆ ಇಳಿಯಿತು. ಒಬ್ಬ ಗೋಡೆಗೆ ಒದೆಯತೊಡಗಿದ. ಸಿಮ್ರಾನ್ ಬೀರು ಹತ್ತಿದ್ದಳು. ಹೀಗೇ ಬಿಟ್ಟರೆ ಮನೆ ಸಿಡಿಯುತ್ತದೆ ಅನ್ನಿಸಿ, ನೀಲಕಂಠಸ್ವಾಮಿ ಇದ್ದಬದ್ದ ಹಾಸಿಗೆ, ಕಂಬಳಿಗಳನ್ನೆಲ್ಲ ನಡುಮನೆಗೆ ಹಾಸಿದ. ಕಬಡ್ಡಿ. ಆದರೆ ಯಾರೂ ಕಬಡ್ಡಿ ಅನ್ನುವ ಹಾಗಿಲ್ಲ.

"ಮಾಮ, ಉಸಿರು ಬಿಟ್ರೆ ಎಂಗೆ ಗೊತ್ತಾಯ್ತದೆ?" ಸೊಹೈಲ್ ಕೇಳಿದ.

ಯೋಚಿಸಬೇಕಾದ ಪ್ರಶ್ನೆಯೇ. ಆಟಕ್ಕೆ ಇಳಿದವರು ಒಂದು ಕೈಯಲ್ಲಿ ಮೂಗು ಮುಚ್ಚಿಕೊಳ್ಳಬೇಕು, ಬಾಯಲ್ಲಿ ನೀರು ತುಂಬಿಕೊಂಡಿರಬೇಕು, ನೀರು ಚೆಲ್ಲಿದರೆ ಔಟ್ ಎಂದು ತೀರ್ಮಾನವಾಯಿತು.

ಮಕ್ಕಳಿಗೆ ಇದು ಎಷ್ಟು ಹಿಡಿಸಿತೆಂದರೆ ಊಟದ ನೆನಪೂ ಬರಲಿಲ್ಲ. ಕೆನ್ನೆ ಊದಿಸಿಕೊಂಡ ಮಕ್ಕಳು ಕಂಬಳಿಗಳ ಮೇಲೆ ಮೀನಿನ ಹಾಗೆ ಸದ್ದಿಲ್ಲದೆ ಹೊರಳಾಡಿದವು. ನಾಲ್ಕು ಗಂಟೆಗೆ, ಈಗ ಅಪ್ಪನ ಸರದಿ ಎಂದು ಭಾನು ಕೈಸನ್ನೆ ಮಾಡಿದಳು. ನೀಲಕಂಠಸ್ವಾಮಿ ಬಾಯಿಗೆ ನೀರು ತುಂಬಿಕೊಂಡು, ಮೂಗು ಹಿಡಿದು, ಗೆರೆ ದಾಟಿದ. ಏಳೂ ಒಟ್ಟಿಗೆ ಅವನ ಮೇಲೆ ಬಿದ್ದವು. ಎಡಗಾಲು ಮಡಚಿಕೊಂಡು ಪಾದದ ಗಂಟು ಕಟಕ್ ಎಂದಿತು. ಕ್ಲಚ್ ಒತ್ತುವ ಕಾಲು. ಅವನು ಕೂಗಲಿಲ್ಲ, ಬಾಯಲ್ಲಿದ್ದ ನೀರನ್ನು ನೋವಿನ ಜೊತೆಗೇ ನುಂಗಿದ. ಕಣ್ಣಲ್ಲಿ ನೀರು ಬಂತು. ಅದು ಔಟಾ ಅಲ್ಲವಾ ಎಂದು ಮಕ್ಕಳು ಕಣ್ಣಲ್ಲೇ ವಾದಿಸುತ್ತಿದ್ದಾಗ ಹಿತ್ತಲ ಕಡೆ ಧಡಾರೆಂದು ಸದ್ದಾಯಿತು. ಅದರ ಹಿಂದೆಯೇ ಗೋಡೆ ನಡುಗುವಂಥ ಗರ್ಜನೆ.

ಚಿರತೆ ಬಿದ್ದಿತ್ತು.

ಹತ್ತು ನಿಮಿಷದಲ್ಲಿ ಊರೇ ಅಲ್ಲಿತ್ತು. ನೀಲಕಂಠಸ್ವಾಮಿ ಗೋಡೆ ಹಿಡಿದು ನಿಂತು, ಎಡಗಾಲನ್ನು ಎರಡು ಸಲ ನೆಲಕ್ಕೆ ಒತ್ತಿ ನೋಡಿದ. ನೋಯುತ್ತಿತ್ತು, ಆದರೆ ಒತ್ತಬಹುದಿತ್ತು. ನಾಳೆ ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಟರೆ ಸಾಕು.

ಅಷ್ಟರಲ್ಲಿ ಸಾಗರ್ ಬೋನಿನ ಹತ್ತಿರ ಕೂತು ಬಗ್ಗಿ ನೋಡಿದವನು, ಎದ್ದು ತನ್ನ ಇಲಾಖೆಯ ಸಾಹೇಬರಿಗೆ ಫೋನು ಮಾಡಿ, ಕುಂಟುತ್ತ ಬಂದ ನೀಲಕಂಠಸ್ವಾಮಿಯ ಕಡೆ ತಿರುಗಿದ.

"ನಾಳೆ ಸ್ಕೂಲ್ ಅದೆ ಅಲ್ವಾ?" ನೀಲಕಂಠಸ್ವಾಮಿ ಕೇಳಿದ.

"ಎಲ್ಲಿ ಸ್ಕೂಲಣ್ಣ. ಇದು ಹೆಣ್ಣು. ಮೊಲೇಲಿ ಹಾಲದೆ. ಮರಿಗೋಳು ಆ ತೋಟದಲ್ಲೇ ಅವೆ. ಅವು ತಾಯಿನ ಹುಡಿಕ್ಕೊಂಡು ಬರಗಂಟ ಬೋನು ಇಲ್ಲೇ ಇರ್ತದೆ. ರಜಾನೂ ಇರ್ತದೆ. ಇವತ್ತಿನಂಗೇ ಸದ್ದು ಮಾತ್ರ ಬ್ಯಾಡ."

ನೀಲಕಂಠಸ್ವಾಮಿ ಸುತ್ತ ನೋಡಿದ. ನಾಳೆ ಒಂದು ದಿನ ಈ ಮಕ್ಕಳ ಜೊತೆ ಯಾರಾದರೂ ಇರುತ್ತೀರಾ ಎಂದು ಕೇಳಿದ. ಹಮೀದಾಗೆ ಮದುವೆ ಬ್ಲೌಸುಗಳಿದ್ದವು. ಚಿಕ್ಕಮಲ್ಲಮ್ಮನಿಗೆ ಹೂವು ಬಿಡಿಸುವುದಿತ್ತು. ದೊಡ್ಡಮಲ್ಲಪ್ಪ ಒಬ್ಬನೇ ಒಪ್ಪಿ, ಮನೆಯಲ್ಲಿ ಹಗ್ಗ ಎಷ್ಟಿದೆ ಎಂದು ವಿಚಾರಿಸಿದ.

ನೀಲಕಂಠಸ್ವಾಮಿ ಮತ್ತೆ ಸಾಗರನ ಕಡೆ ತಿರುಗಿ, ಮರಿಗಳು ರಾತ್ರಿಯೊಳಗೇ ಬಂದುಬಿಡಬಹುದಲ್ಲವೇ ಎಂದ.

"ಹೇಳಕಾಗಲ್ಲ ಕಣಣ್ಣ," ಎಂದ ಸಾಗರ್. "ನಿಮಗೇ ಗೊತ್ತಲ್ಲ, ಒಂದ್ ಕಡೆ ಕೂರೋ ವಯಸ್ಸಲ್ಲ ಅವುಕ್ಕೆ."