ಹತ್ತು ತಂತಿ, ಒಂದು ಗ್ಯಾಸ್ಕೆಟ್

ವಾದ್ಯ ನುಡಿಸಲು ಬಾರದವರಿಗೆ ವಾದ್ಯದ ಬಿಡಿಭಾಗಗಳ ಬಗ್ಗೆ ಅಪಾರ ಜ್ಞಾನವಿರುತ್ತದೆ. ನನ್ನನ್ನೇ ನೋಡಿ. ಹತ್ತು ತಂತಿಗಳ ವಾದ್ಯವೊಂದನ್ನು ಕೊಂಡು ಎಂಟು ತಿಂಗಳಾಯಿತು. ಒಂದು ಹಾಡೂ ಪೂರ್ತಿ ಬರುವುದಿಲ್ಲ. ಆದರೆ ಅದರ ತಂತಿಗಳನ್ನು ಸುಮ್ಮನಿರಿಸುವುದು ಹೇಗೆಂಬ ಬಗ್ಗೆ ಒಂದು ಗಂಟೆ ಮಾತಾಡಬಲ್ಲೆ. ಮಾತಾಡಿಯೂ ಇದ್ದೇನೆ. ನ್ಯೂಜೆರ್ಸಿಯ ಹೋಬೋಕನ್ನಿನಿಂದ ಹೊರಡುವ ಫೆರಿ ದೋಣಿಯಲ್ಲಿ ದಿನಾ ನನ್ನ ಪಕ್ಕ ಕೂರುತ್ತಿದ್ದ ಸಹೋದ್ಯೋಗಿ ಈಗ ಮೇಲಿನ ಡೆಕ್ಕಿನ ಚಳಿಗಾಳಿಯಲ್ಲಿ ನಿಂತು ಮ್ಯಾನ್‌ಹಟನ್ ತಲುಪುತ್ತಾನೆ.

ಈ ವಾದ್ಯವನ್ನು ಮೀಟುವಂತಿಲ್ಲ. ಮೈಗೆ ಆನಿಸಿ ನೇತುಹಾಕಿಕೊಂಡು ಎರಡೂ ಕೈಗಳ ಬೆರಳುಗಳಿಂದ ತಂತಿಗಳನ್ನು ತಟ್ಟಬೇಕು. ತಟ್ಟಿದಲ್ಲೇ ಸ್ವರ ಹುಟ್ಟುತ್ತದೆ. ಮೈಸೂರಿನಲ್ಲಿ ಎಂಟು ವರ್ಷ ವೀಣೆ ಕಲಿತ ನನ್ನ ಹೆಂಡತಿ ರೇವತಿ ಮೊದಲ ದಿನ ಸ್ವಲ್ಪ ಹೊತ್ತು ನೋಡಿ, "ದಿನವೆಲ್ಲ ಆಫೀಸಲ್ಲಿ ಟೈಪ್ ಮಾಡ್ತೀರಿ, ಮನೆಗೆ ಬಂದೂ ಅದನ್ನೇ ಮಾಡ್ತಿದ್ದೀರಲ್ಲ" ಎಂದು ಒಳಗೆ ಹೋದಳು. ತೊಂದರೆಯೆಂದರೆ, ಬೆರಳು ಎತ್ತಿದ ಮೇಲೂ ತಂತಿ ಗುಂಯ್‌ಗುಡುತ್ತಲೇ ಇರುತ್ತದೆ. ಪಕ್ಕದ ತಂತಿಗಳೂ ಕರೆಯದ ನೆಂಟರ ಹಾಗೆ ಬಂದು ಸೇರಿಕೊಳ್ಳುತ್ತವೆ. ಅದಕ್ಕಾಗಿ ವಾದ್ಯದ ತಲೆಯ ಹತ್ತಿರ, ತಂತಿಗಳ ಕೆಳಗೆ, ಮೆತ್ತನೆಯ ಪಟ್ಟಿಯೊಂದನ್ನು ತುರುಕಬೇಕು. ಅದೇ ಡ್ಯಾಂಪರ್.

ಇದನ್ನೆಲ್ಲ ಕಲಿಸುವ ಗುರು ಸಿಗಲಿಲ್ಲ. ನ್ಯೂಜೆರ್ಸಿಯಲ್ಲಿ ಹೈವೇಯ ಒಂದೊಂದು ಎಕ್ಸಿಟ್‌ಗೂ ಒಬ್ಬ ಭರತನಾಟ್ಯದ ಟೀಚರ್ ಇದ್ದಾರೆ. ತಟ್ಟುವ ವಾದ್ಯಕ್ಕೆ ಒಬ್ಬರೂ ಇಲ್ಲ. ಉಳಿದದ್ದು ಇಂಟರ್‌ನೆಟ್. ಒಂದಿಷ್ಟು ವಿಡಿಯೋ ಪಾಠ, ಯಾವುದೋ ಪುಸ್ತಕದಿಂದ ಯಾರೋ ಸ್ಕ್ಯಾನ್ ಮಾಡಿದ ಓರೆಯಾದ ಪುಟಗಳು, ಮತ್ತು ನನ್ನಂಥ ನಡುವಯಸ್ಸಿನ ಗಂಡಸರು ಜಗಳವಾಡುವ ಒಂದು ವೇದಿಕೆ. ಅಲ್ಲಿ ಡ್ಯಾಂಪರಿನದೇ ಚರ್ಚೆ. ಒಬ್ಬ ಉಣ್ಣೆಯ ಬಟ್ಟೆ ಎಂದರೆ ಇನ್ನೊಬ್ಬ ಸ್ಪಂಜು ಎನ್ನುತ್ತಾನೆ, ಮತ್ತೊಬ್ಬ ಮಗುವಿನ ಕಾಲುಚೀಲ. ವಿಡಿಯೋದ ಮೇಷ್ಟರು ಮಾತ್ರ, "ನಿಜವಾದ ವಾದಕ ತನ್ನ ಅಂಗೈಯಿಂದಲೇ ತಂತಿಗಳನ್ನು ತಡೆಯುತ್ತಾನೆ, ಅದು ಎಲ್ಲಕ್ಕಿಂತ ಕೊನೆಗೆ ಬರುವ ವಿದ್ಯೆ" ಎಂದಿದ್ದರು. ನಾನು ಆ ಪಾಠವನ್ನು ದಾಟಿ ಮುಂದೆ ಹೋದೆ.

ಎಲ್ಲವನ್ನೂ ಪರೀಕ್ಷಿಸಿ ಸೋತ ಒಂದು ಶನಿವಾರ, ಅಡುಗೆಮನೆಯ ಕಪಾಟಿನ ಹಿಂದಿನ ಮೊಳೆಯಲ್ಲಿ ಕುಕ್ಕರಿನ ಎರಡು ಗ್ಯಾಸ್ಕೆಟ್ ಕಂಡವು. ಒಂದು ರೇವತಿ ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ತಂದ ಹೊಸದು; ಇನ್ನೊಂದು ಕೆಲಸ ಮುಗಿಸಿದ ಹಳೆಯದು. ಹಳೆಯ ಗ್ಯಾಸ್ಕೆಟ್ ಎಸೆಯುವ ಪದ್ಧತಿ ನಮ್ಮಲ್ಲಿಲ್ಲ, ಯಾವುದಕ್ಕಾದರೂ ಬೇಕಾಗುತ್ತದೆ. ಇಗೋ, ಬೇಕಾಯಿತು. ಎರಡನ್ನೂ ಒತ್ತಿ ನೋಡಿದೆ. ಒಂದು ಮೆತ್ತಗಿತ್ತು, ಒಂದು ಬಿರುಸು. ದುಡಿದು ದುಡಿದು ರಬ್ಬರ್ ಮೆತ್ತಗಾಗಿರಬೇಕೆಂದು ತೀರ್ಮಾನಿಸಿ ಮೆತ್ತಗಿದ್ದದ್ದನ್ನು ಕತ್ತರಿಸಿದೆ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಗೇಣುದ್ದದ ತುಂಡು ತಂತಿಗಳ ಕೆಳಗೆ ಹೇಳಿ ಮಾಡಿಸಿದ ಹಾಗೆ ಕೂತಿತು.

ಮರುದಿನ ಬೆಳಿಗ್ಗೆ ರೇವತಿ ಬೇಳೆ ಇಡುವಾಗ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿದೆಯೆಂದು ತೆಗೆದು, ತಂಗಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಲೇ ಮೊಳೆಯಲ್ಲಿ ಉಳಿದಿದ್ದದ್ದನ್ನು ಹಾಕಿದಳು. ಮೂರನೇ ಕೂಗಿಗೆ ಕಾಯುತ್ತಾ ಒಲೆಯ ಮುಂದೆ ನಿಂತಿದ್ದಳು. ನಾನು ಹಾಲ್‌ನಿಂದ ಕರೆದೆ.

"ರೇವತೀ, ಒಂದು ನಿಮಿಷ ಬಾ. ಇದನ್ನ ಕೇಳು."

"ಏನು ಕೇಳ್ಬೇಕು?"

"ಏನೂ ಕೇಳಿಸಲ್ಲ. ಅದನ್ನೇ ಕೇಳು."

"ಕರ್ಮ" ಎಂದು ಕೈ ಒರೆಸಿಕೊಳ್ಳುತ್ತಾ ಬಂದಳು. ನಾಲ್ಕು ಹೆಜ್ಜೆ. ನಾನು ತಂತಿ ತಟ್ಟಿ ಬೆರಳು ಎತ್ತಿದೆ. ಆ ನಿಶ್ಶಬ್ದದಲ್ಲಿ ಅಡುಗೆಮನೆಯಿಂದ ಢಂ ಎಂದಿತು. ಮುಚ್ಚಳದ ಪಕ್ಕದಿಂದ ಗ್ಯಾಸ್ಕೆಟ್ ಹೊರಗೆ ಚಿಮ್ಮಿ, ಕುದಿಯುವ ಬೇಳೆ ಎದುರಿನ ಫ್ರಿಜ್ಜಿಗೆ ಹೊಡೆದಿತ್ತು. ಹಳದಿ ಪಟ್ಟೆ ಸರಿಯಾಗಿ ಅವಳ ಕತ್ತಿನ ಎತ್ತರದಲ್ಲಿತ್ತು. ಸ್ಮೋಕ್ ಅಲಾರಂ ಕೂಗತೊಡಗಿತು, ಅದಕ್ಕೆ ಡ್ಯಾಂಪರ್ ಇರಲಿಲ್ಲ. ಅಗ್ನಿಶಾಮಕದವರು ಬಂದು, ಒಗ್ಗರಣೆ ಬೀಳದ ಬೇಳೆಯನ್ನು ಗಂಭೀರವಾಗಿ ಪರಿಶೀಲಿಸಿ ಹೋದರು. ಫ್ರಿಜ್ಜನ್ನು ನಾನೇ ಒರೆಸಿದೆ. ಆದರೂ ಅದರ ಮುಂದೆ ನಿಂತಾಗಲೆಲ್ಲ ಆ ಪಟ್ಟೆ ಕಾಣುತ್ತದೆ. ನಾಲ್ಕು ಹೆಜ್ಜೆಗಳನ್ನು ಲೆಕ್ಕ ಹಾಕುತ್ತೇನೆ. ಒಮ್ಮೊಮ್ಮೆ ಮೂರೇ ಬರುತ್ತದೆ.

ಆ ವಾರ ನನಗೆ ಬಂದ ಕೀರ್ತಿ ಹಿಂದೆಂದೂ ಬಂದಿರಲಿಲ್ಲ. "ಇವ್ರು ಕರೀದೇ ಇದ್ದಿದ್ರೆ ನನ್ನ ಮುಖ ಇರ್ತಿರ್ಲಿಲ್ಲ" ಎಂದು ರೇವತಿ ಎಲ್ಲರಿಗೂ ಹೇಳಿದಳು. ಹತ್ತಿರದ ಊರು ಫೋರ್ಟ್ ಲೀಯ ಆಂಟಿಯೊಬ್ಬರು ನನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ವಾದ್ಯಕ್ಕೆ ಕುಂಕುಮದ ಬೊಟ್ಟು ಬಿತ್ತು. ಬೊಟ್ಟಿನಿಂದ ಎರಡು ಇಂಚು ಕೆಳಗೆ ನನ್ನ ಗ್ಯಾಸ್ಕೆಟ್ ತುಂಡು ಮೆತ್ತಗೆ ಮಲಗಿತ್ತು. ಮುಟ್ಟಿದಷ್ಟೂ ಮೆತ್ತಗಿತ್ತು. ಅದೇ ಹೊಸದು, ಕುಕ್ಕರಿಗೆ ಹೋದದ್ದು ಹಳೆಯದು ಎಂಬುದು ಎರಡನೇ ದಿನವೇ ನನಗೆ ಹೊಳೆದಿತ್ತು. ಹೇಳಲಿಲ್ಲ.

ಶನಿವಾರ ರೇವತಿ ಬೆಂಗಳೂರಿನ ಪಾತ್ರೆ ಅಂಗಡಿಗೆ ಫೋನ್ ಮಾಡಿದಳು. "ಹೊಸದು ಅಂತ ಹೇಳಿ ಹಳೇದು ಕೊಟ್ಟಿದ್ದೀರಲ್ಲ ಯಜಮಾನ್ರೇ, ನಾನು ಸತ್ತೇ ಹೋಗ್ತಿದ್ದೆ." ಸ್ಪೀಕರಿನಲ್ಲಿ ಅಂಗಡಿಯ ಮುದುಕರ ದನಿ ಬಂತು. "ಇಲ್ಲ ತಾಯಿ, ನಲವತ್ತು ವರ್ಷದಿಂದ ಕೂತಿದೀನಿ, ಅಂಥ ಕೆಲ್ಸ ಮಾಡಿಲ್ಲ. ಆದ್ರೂ ನಿಮಗೆ ಹಾಗಾಯ್ತಲ್ಲ, ಕ್ಷಮಿಸಿ." ಅವರು ಕ್ಷಮೆ ಕೇಳದೆ ಜಗಳವಾಡಿದ್ದರೆ ನಾನು ಬಹುಶಃ ಈಗಲೂ ಸುಮ್ಮನಿರುತ್ತಿದ್ದೆ. ಎದ್ದು, ತಂತಿಗಳ ಕೆಳಗಿನಿಂದ ತುಂಡನ್ನು ಎಳೆದು ಅವಳ ಕೈಗಿಟ್ಟೆ. ಹತ್ತೂ ತಂತಿಗಳು ಒಟ್ಟಿಗೆ ಗುಂಯ್ ಎಂದವು.

ಅವಳು ಅದನ್ನು ಬಾಗಿಸಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಯಜಮಾನ್ರೇ, ಒಂದ್ನಿಮಿಷ. ನಮ್ಮನೆಯವ್ರು ನಿಮ್ಮ ಹತ್ರ ಮಾತಾಡ್ತಾರಂತೆ" ಎಂದು ಫೋನನ್ನು ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ. ಮುದುಕರು, "ಸಾರ್, ತಾವು ಏನು ಓದಿದ್ದೀರಿ?" ಎಂದು ವಿನಯದಿಂದ ಕೇಳಿದರು.

ಈಗ ನನ್ನ ಅಭ್ಯಾಸ ಅಡುಗೆಮನೆಯಲ್ಲಿ, ಒಲೆಯ ಮುಂದೆ, ಅವಳು ನಿಂತಿದ್ದ ಜಾಗದಲ್ಲೇ. ಕೂಗು ಎಣಿಸುವ ಕೆಲಸ ನನ್ನದು, ರೇವತಿ ಹಾಲ್‌ನಲ್ಲಿ ಕೂತು, "ಎಷ್ಟಾಯ್ತು?" ಎಂದು ಕೇಳುತ್ತಾಳೆ. ವಾದ್ಯಕ್ಕೆ ಡ್ಯಾಂಪರ್ ಇಲ್ಲ, ಬೇಕಾಗಿಯೂ ಇಲ್ಲ. ಕುಕ್ಕರ್ ಕೂಗಿದ ಕೂಡಲೇ ನನ್ನ ಎರಡೂ ಅಂಗೈಗಳು ತಾವಾಗಿಯೇ ತಂತಿಗಳ ಮೇಲೆ ಬಿದ್ದು ಹತ್ತನ್ನೂ ಅಮುಕಿ ಹಿಡಿಯುತ್ತವೆ. ಎಲ್ಲಕ್ಕಿಂತ ಕೊನೆಗೆ ಬರುವ ವಿದ್ಯೆ ಎಂದಿದ್ದರು ವಿಡಿಯೋದ ಮೇಷ್ಟರು. ನನಗೆ ಅದೊಂದೇ ಬಂದಿದೆ.